ಮಾರುವವರ ಮಾತು ಕೇಳಿ, ಗಾಡಿಯ ದಾಖಲೆ ಓದಿ

ಬೀದರ್, ಭಾಲ್ಕಿ, ಔರಾದ್ ಕಡೆಯಿಂದ ಹೊಸದಾಗಿ ಬ್ರಿಟನ್ನಿಗೆ ಬಂದಿರುವ ಕುಟುಂಬಗಳಿಗೆ ಬಾಡಿಗೆ ಮನೆ ಸಿಕ್ಕಿ, ಮಕ್ಕಳ ಶಾಲೆ ಗೊತ್ತಾದ ಮೇಲೆ ಸೆಕೆಂಡ್ ಹ್ಯಾಂಡ್ ಕಾರಿನ ಮಾತು ಬಂದೇ ಬರುತ್ತದೆ. ಡೀಲರ್ ಹತ್ತಿರ ಕೊಳ್ಳಿ, ಪಕ್ಕದ ಮನೆಯವರಿಂದ ಕೊಳ್ಳಿ, ಹಣ ಕೊಡುವ ಮೊದಲು ಆ ಗಾಡಿಯ ತಪಾಸಣೆಯ ಇತಿಹಾಸ ಓದಿ. ಊರಲ್ಲಿರುವ ಅಪ್ಪನಿಗೋ ತಮ್ಮನಿಗೋ ಇಲ್ಲಿಂದ ದುಡ್ಡು ಕಳಿಸಿ ಕೊಡಿಸುವ ಗಾಡಿಗೂ ಇದೇ ಮಾತು. ಆದರೆ ಎರಡೂ ಕಡೆ ಹುಡುಕುವ ಜಾಗ ಬೇರೆ ಬೇರೆ.

ಇಲ್ಲಿ ಕೊಳ್ಳುವಾಗ

ನಮ್ಮ ಕಡೆ ಹಳೆ ಗಾಡಿ ನೋಡಲು ಪರಿಚಯದ ಮೇಸ್ತ್ರಿಯನ್ನು ಕರೆದುಕೊಂಡು ಹೋಗುತ್ತೇವೆ. ಅವನು ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು, ಸೈಲೆನ್ಸರಿನ ಹೊಗೆ ನೋಡಿ, 'ಗಾಡಿ ಚಲೋ ಅದಾ' ಅಂದರೆ ಬಯಾನಾ ಕೊಡುತ್ತೇವೆ. ಹೊಸ ದೇಶದಲ್ಲಿ ಅಂಥ ನಂಬಿಕೆಯ ಮೇಸ್ತ್ರಿ ಕೂಡಲೇ ಸಿಗುವುದಿಲ್ಲ. ಆದರೆ ಇಲ್ಲಿ ಸರ್ಕಾರವೇ ಪ್ರತಿ ಗಾಡಿಯ ಲೆಕ್ಕ ಇಟ್ಟಿರುತ್ತದೆ. ಆ ಲೆಕ್ಕ ಬರುವುದು ಎಂಒಟಿ ಎಂಬ ತಪಾಸಣೆಯಿಂದ.

ಈ ಪರೀಕ್ಷೆ 1960ರಲ್ಲಿ ಹತ್ತು ವರ್ಷ ದಾಟಿದ ಗಾಡಿಗಳಿಗೆಂದು ಶುರುವಾಯಿತು. ಈಗ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಕಾರಿಗೆ 3 ವರ್ಷ ತುಂಬಿದ ಮೇಲೆ, ಉತ್ತರ ಐರ್ಲೆಂಡ್‌ನಲ್ಲಿ 4 ವರ್ಷ ತುಂಬಿದ ಮೇಲೆ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರದ ಜಾಲತಾಣದಲ್ಲಿ ಕಾರಿನ ನಂಬರ್ ಹಾಕಿದರೆ 2005ರಿಂದ ಈಚಿನ ಫಲಿತಾಂಶಗಳು (ಉತ್ತರ ಐರ್ಲೆಂಡಿನವು 2017ರಿಂದ) ಬಿಟ್ಟಿಯಾಗಿ ಸಿಗುತ್ತವೆ. ಮಾರುವವರ ಅಪ್ಪಣೆ ಬೇಕಿಲ್ಲ. ಜಾಹೀರಾತಿನ ಫೋಟೊದಲ್ಲಿ ನಂಬರ್ ಪ್ಲೇಟ್ ಕಂಡರೆ ಸಾಕು.

ಬಹಳ ಜನ ಕೊನೆಯ ಸಾಲಿನ 'ಪಾಸ್' ನೋಡಿ ಪುಟ ಮುಚ್ಚುತ್ತಾರೆ. ಅಷ್ಟು ಸಾಲದು. ಹಳೆಯ ವರ್ಷದಿಂದ ಶುರುಮಾಡಿ ಈಚಿನ ವರ್ಷದವರೆಗೆ ಓದುತ್ತ ಬನ್ನಿ. ಒಂದು ಉದಾಹರಣೆ ನೋಡೋಣ. ಮೊದಲ ವರ್ಷ ಪಾಸ್. ಕೆಳಗೆ 'ಅಡ್ವೈಸರಿ' ಎಂದು, ಮುಂದಿನ ಬ್ರೇಕ್ ಡಿಸ್ಕ್ ಸವೆದಿದೆ, ಟಯರಿನ ಗೆರೆ ಕಾನೂನಿನ ಮಿತಿಗೆ ಹತ್ತಿರ ಬಂದಿದೆ ಎಂದು ಬರೆದಿದೆ. ಆ ಮಿತಿ 1.6 ಮಿಲಿಮೀಟರ್. ಮರುವರ್ಷವೂ ಪಾಸ್, ಡಿಸ್ಕಿನ ಮಾತು ಹಾಗೇ ಇದೆ, ಜೊತೆಗೆ ಅಡಿಭಾಗದಲ್ಲಿ ತುಕ್ಕು ಎಂದು ಸೇರಿದೆ. ಮೂರನೆಯ ವರ್ಷ ಅದೇ ಡಿಸ್ಕಿಗಾಗಿ ಫೇಲ್. ಎರಡು ದಿನ ಬಿಟ್ಟು ಪಾಸ್. ಇದರ ಅರ್ಥ, ಎಚ್ಚರಿಕೆ ಕೊಟ್ಟಾಗ ರಿಪೇರಿ ಮಾಡಿಸದೆ, ಫೇಲ್ ಆದ ಮೇಲಷ್ಟೇ ದುಡ್ಡು ಬಿಚ್ಚಿದ ಮಾಲೀಕ. ಇನ್ನುಳಿದ ಕೆಲಸಗಳನ್ನೂ ಅವರು ಹಾಗೇ ಮುಂದೂಡಿರುವ ಸಂಭವ ಹೆಚ್ಚು.

ಪ್ರತಿ ಪರೀಕ್ಷೆಯ ಪಕ್ಕದಲ್ಲಿ ಮೈಲೇಜ್ ಇರುತ್ತದೆ. ಒಂದು ವರ್ಷ 72,000 ಇದ್ದದ್ದು ಮುಂದಿನ ವರ್ಷ 58,000 ಆಗಿದ್ದರೆ, ಒಪ್ಪುವ ಕಾರಣ ಸಿಗುವವರೆಗೆ ಆ ಗಾಡಿ ಬೇಡ. ತುಕ್ಕಿನ ಮಾತನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಬೀದರಿನ ಕೆಂಪು ಧೂಳು ತೊಳೆದರೆ ಹೋಗುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಗಾಡಿಯ ಅಡಿಭಾಗವನ್ನು ತಿನ್ನುತ್ತದೆ.

ಎಂಒಟಿ ಹೇಳದ ಸಂಗತಿಗಳೂ ಇವೆ. ಇಂಜಿನ್, ಕ್ಲಚ್, ಗೇರ್‌ಬಾಕ್ಸ್‌ನ ಸ್ಥಿತಿಯನ್ನು ಅದು ಪರೀಕ್ಷಿಸುವುದಿಲ್ಲ. ಗಾಡಿಯ ಮೇಲೆ ಸಾಲ ಬಾಕಿ ಇದೆಯೇ, ಅಪಘಾತವಾಗಿ ವಿಮೆ ಕಂಪನಿ ಅದನ್ನು ಕೈಬಿಟ್ಟಿತ್ತೇ ಎಂಬುದೂ ಅದರಲ್ಲಿ ಬರುವುದಿಲ್ಲ. ಅದಕ್ಕೆ ಹಣ ಕೊಟ್ಟು ಬೇರೆ ತಪಾಸಣೆ ಮಾಡಿಸಬೇಕು, ಮಾಡಿಸಿ. ವಿ5ಸಿ ಎಂಬ ನೋಂದಣಿ ಪತ್ರದಲ್ಲಿರುವ ಹೆಸರು, ವಿಳಾಸ ಮಾರುವವರದ್ದೇ ಎಂದು ನೋಡಿ, ಅವರ ಮನೆಗೇ ಹೋಗಿ ಗಾಡಿ ತೆಗೆದುಕೊಳ್ಳಿ. ಹಳೆ ಮಾಲೀಕರು ಕಟ್ಟಿದ ರಸ್ತೆ ತೆರಿಗೆ 2014ರ ಅಕ್ಟೋಬರಿನಿಂದ ಹೊಸಬರಿಗೆ ವರ್ಗವಾಗುವುದಿಲ್ಲ. ಹಾಗಾಗಿ ತೆರಿಗೆ, ವಿಮೆ ಎರಡನ್ನೂ ಮಾಡಿಸಿಕೊಂಡೇ ಗಾಡಿ ರಸ್ತೆಗಿಳಿಸಿ.

ಊರಲ್ಲಿ ಕೊಡಿಸುವಾಗ

ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಅಲ್ಲಿಯವರೆಗೆ ಎಂಒಟಿಯಂಥ ಕಡ್ಡಾಯ ವಾರ್ಷಿಕ ಪರೀಕ್ಷೆ ಇಲ್ಲ. ಆ ಅವಧಿ ಮುಗಿದ ಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೆ ನವೀಕರಿಸಬೇಕು. ಎಂಪರಿವಾಹನ್ ಆ್ಯಪ್‌ನಲ್ಲಿ ಫಿಟ್‌ನೆಸ್ ಇಷ್ಟು ವರ್ಷದವರೆಗೆ ಎಂದು ಕಂಡರೆ ಯಾರೋ ಪರೀಕ್ಷಿಸಿ ಸರ್ಟಿಫಿಕೇಟ್ ಕೊಟ್ಟಿದ್ದಾರೆ ಎಂದು ತಿಳಿಯಬೇಡಿ. 15 ವರ್ಷ ದಾಟದ ಖಾಸಗಿ ಕಾರಿಗೆ ಅದು ನೋಂದಣಿ ಮುಗಿಯುವ ತಾರೀಖು ಮಾತ್ರ. ಪಿಯುಸಿ ಎಂಬ ಮಾಲಿನ್ಯ ತಪಾಸಣೆ ಹೊಗೆಯನ್ನಷ್ಟೇ ಅಳೆಯುತ್ತದೆ, ಬ್ರೇಕನ್ನಲ್ಲ.

ಆದ್ದರಿಂದ ಗಾಡಿಯ ಇತಿಹಾಸವನ್ನು ನಾವೇ ಕೂಡಿಸಬೇಕು. ಮಾಲೀಕರನ್ನು ಜೊತೆಗೆ ಕರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ, ಆ ನಂಬರಿನ ಸರ್ವಿಸ್ ದಾಖಲೆ ಕೇಳಿ; ಪ್ರತಿ ಭೇಟಿಯ ಕಿಲೋಮೀಟರ್ ಅದರಲ್ಲಿರುತ್ತದೆ. ಹಳೆಯ ವಿಮೆ ಪಾಲಿಸಿಗಳನ್ನು ತರಿಸಿ, ನೋ ಕ್ಲೇಮ್ ಬೋನಸ್ ಯಾವ ವರ್ಷ ಇಳಿದಿದೆ ನೋಡಿ, ಅದರ ಹಿಂದಿನ ವರ್ಷ ಏನಾಗಿತ್ತು ಎಂದು ಕೇಳಿ. ಮೊದಲು ಹಳದಿ ಬೋರ್ಡಿನಲ್ಲಿ ಓಡಿದ ಗಾಡಿಯಾದರೆ ಆಗಿನ ಫಿಟ್‌ನೆಸ್ ಪತ್ರಗಳು ಇರಲೇಬೇಕು, ಕೇಳಿ ಪಡೆಯಿರಿ.

ಬೀದರಿನ ಕೆಎ 38, ಭಾಲ್ಕಿಯ ಕೆಎ 39 ಪಾಸಿಂಗ್ ಗಾಡಿಗಳಾದರೆ ದಾರಿ ಸಲೀಸು. ಔರಾದ್ ಮಹಾರಾಷ್ಟ್ರ ಗಡಿಯ ತಾಲ್ಲೂಕು. ಉದಗೀರ್, ದೇಗಲೂರು ಕಡೆಯಿಂದ ಎಂಎಚ್ 24, ಎಂಎಚ್ 26 ಪಾಸಿಂಗ್ ಕಾರುಗಳು ಕಡಿಮೆ ಬೆಲೆಗೆ ಬಂದರೆ ಮೊದಲು ಲೆಕ್ಕ ಹಾಕಿ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲಿಟ್ಟುಕೊಂಡರೆ ಹೊಸ ನಂಬರ್ ಮಾಡಿಸಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಇದನ್ನೆಲ್ಲ ಕೂಡಿಸಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದು ಕಡಿಮೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದೆ ಎಂಬ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ನೀವು ಮಾರಿ ಬಂದ ಗಾಡಿ

ವಿಮಾನ ಹತ್ತುವ ಗಡಿಬಿಡಿಯಲ್ಲಿ ಗಾಡಿ ಮಾರಿ, ಸಹಿ ಹಾಕಿದ ಕಾಗದ ಕೊಟ್ಟು ಬಂದವರು ನಮ್ಮಲ್ಲಿ ಕಡಿಮೆಯಿಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ ಫಾರ್ಮ್ 29ರಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನದಲ್ಲಿ ಫಾರ್ಮ್ 30 ಕೊಡಬೇಕು. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ತಮ್ಮನಿಗೆ ಆ ನಂಬರ್ ಕೊಟ್ಟು ಆ್ಯಪ್‌ನಲ್ಲಿ ಹಾಕಿ ನೋಡಲು ಹೇಳಿ. ಹೆಸರಿನ ಕೆಲವು ಅಕ್ಷರ ಮುಚ್ಚಿದ್ದರೂ ಅದು ನಿಮ್ಮದೋ ಬೇರೆಯವರದೋ ತಿಳಿಯುತ್ತದೆ. ನಿಮ್ಮದೇ ಇದ್ದರೆ, ಇಲ್ಲಿ ಹೊಸ ಕಾರು ಹುಡುಕುವುದಕ್ಕೂ ಮೊದಲು ಆ ಕೆಲಸ ಮುಗಿಸಿ.