ಕ್ಷಯರೋಗವೆಂದು ತಿಳಿದ ದಿನ



ಎರಡು ವಾರ ಕಳೆದರೂ ಕೆಮ್ಮು ಬಿಡಲಿಲ್ಲ, ಸಂಜೆಯಾದರೆ ಜ್ವರ, ಮೈ ಇಳಿಯುತ್ತಾ ಬಂತು. ಕಡೆಗೆ ಕಫವನ್ನು ಪರೀಕ್ಷಿಸಿದ ವೈದ್ಯರು, "ಶ್ವಾಸಕೋಶಕ್ಕೆ ಕ್ಷಯವು ತಗಲಿದೆ" ಅನ್ನುತ್ತಾರೆ. ಅದನ್ನು ಕೇಳಿದವನಿಗೆ ಮನೆಗೆ ಬರುವ ದಾರಿಯೇ ಉದ್ದವಾಗುವದು. ಹೆಂಡತಿಗೆ ಹೇಗೆ ಹೇಳಲಿ? ಮಕ್ಕಳನ್ನು ಎತ್ತಿಕೊಳ್ಳಬಹುದೋ? ಮಗಳ ಮದುವೆಯ ಮಾತು ಮುರಿಯುವದೋ? ಈ ಮೂರು ಪ್ರಶ್ನೆಗಳು ರೋಗಕ್ಕಿಂತ ಮುಂಚೆ ಅವನನ್ನು ಕುಗ್ಗಿಸುವವು. ಆದದರಿಂದ ಆ ದಿನ ತಿಳಿಯತಕ್ಕ ನಾಲ್ಕು ಸಂಗತಿಗಳನ್ನು ವಿಚಾರಿಸೋಣ.

೧. ಈ ರೋಗವು ಎಂಥದು?

ಇದು ಶಾಪವಲ್ಲ, ವಂಶದ ದೋಷವೂ ಅಲ್ಲ. ಇದಕ್ಕೆ ಒಂದು ರೋಗಾಣುವೇ ಕಾರಣವೆಂದು ರಾಬರ್ಟ್ ಕೋಖ್ ಎಂಬ ವೈದ್ಯರು ೧೮೮೨ನೆಯ ಇಸವಿಯ ಮಾರ್ಚ್ ೨೪ರಂದು ಬರ್ಲಿನ್ ಪಟ್ಟಣದಲ್ಲಿ ಪ್ರಕಟಿಸಿದರು. ರೋಗಿಯು ಕೆಮ್ಮುವಾಗ ಆ ಅಣುಗಳು ಗಾಳಿಯಲ್ಲಿ ಸೇರಿ ಇತರರ ಉಸಿರಿನೊಳಗೆ ಹೋಗುವವು. ಬಟ್ಟಲಿನಿಂದಲೂ ಬಟ್ಟೆಯಿಂದಲೂ ಹರಡುವದಿಲ್ಲ. ಹೀಗಿರಲಾಗಿ ರೋಗಿಯ ಗಂಗಾಳವನ್ನು ಬೇರೆ ಇಡುವದರಿಂದ ಅವನ ಮನಸ್ಸು ನೋಯುವದೇ ಹೊರತು ಯಾರಿಗೂ ರಕ್ಷಣೆಯಿಲ್ಲ. ಕಿಟಕಿಯನ್ನು ತೆರೆದಿಡುವದು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವದು, ಕಂಡಲ್ಲಿ ಉಗುಳದಿರುವದು, ಇವೇ ರಕ್ಷಣೆ.

೨. ಮನೆಯನ್ನು ಬಿಟ್ಟು ಹೋಗಬೇಕೋ?

ಪೂರ್ವದಲ್ಲಿ ರೋಗಿಗಳನ್ನು ದೂರದ ಆರೋಗ್ಯಧಾಮಗಳಿಗೆ ಕಳುಹಿಸುತ್ತಿದ್ದರು. ೧೯೫೬ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಒಂದು ಪರೀಕ್ಷೆಯಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಯೂ ಕೆಲವರನ್ನು ಅವರ ಇಕ್ಕಟ್ಟಾದ ಮನೆಗಳಲ್ಲಿಯೂ ಇರಿಸಿ ಒಂದೇ ಔಷಧವನ್ನು ಕೊಟ್ಟರು. ಧಾಮದವರಿಗೆ ಒಳ್ಳೇ ಆಹಾರವೂ ವಿಶ್ರಾಂತಿಯೂ ದೊರೆತವು. ಮನೆಯವರಿಗೆ ಬಡತನದ ಊಟವೇ. ಆದರೂ ಗುಣವಾದದ್ದರಲ್ಲಿ ಹೆಚ್ಚು ಭೇದವಿರಲಿಲ್ಲವೆಂದು ೧೯೫೯ರಲ್ಲಿ ಪ್ರಕಟವಾಯಿತು. ಗುಣಪಡಿಸಿದ್ದು ಸ್ಥಳವಲ್ಲ, ತಪ್ಪದೆ ತಕ್ಕೊಂಡ ಔಷಧವೇ.

೩. ಅಪಾಯವು ಎಲ್ಲಿದೆ?

ಸಾಧಾರಣ ಕ್ಷಯಕ್ಕೆ ಚಿಕಿತ್ಸೆಯು ಆರು ತಿಂಗಳು. ಮೊದಲಿನ ಎರಡು ತಿಂಗಳು ನಾಲ್ಕು ಔಷಧಗಳು, ಅನಂತರ ಮೂರು. ಮೂತ್ರವು ಕಿತ್ತಳೆಯ ಬಣ್ಣವಾದರೆ ಹೆದರಬಾರದು. ಅದು ಔಷಧದ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು. ಎರಡನೆಯ ತಿಂಗಳಲ್ಲಿ ಕೆಮ್ಮು ನಿಂತು ಹಸಿವು ಹುಟ್ಟುವಾಗ, "ಇನ್ನು ಗುಳಿಗೆ ಯಾಕೆ?" ಎಂಬ ಯೋಚನೆ ಬರುವದು. ನಿಜವಾದ ಅಪಾಯವು ಇಲ್ಲಿಯೇ. ಯಾಕಂದರೆ ಅಡಗಿ ಉಳಿದ ಅಣುಗಳು ಪುನಃ ಬಲಗೊಂಡು, ಮೊದಲಿನ ಔಷಧಕ್ಕೆ ಬಗ್ಗದೆ ಹೋಗಬಹುದು.

೪. ಯಾರಿಗೆ ಹೇಳಬೇಕು?

ಮೊದಲು ಮನೆಯವರಿಗೆ. ಬಚ್ಚಿಟ್ಟವನು ಗುಳಿಗೆಯನ್ನೂ ಬಚ್ಚಿಟ್ಟು ನುಂಗಬೇಕಾಗುವದು. ಹಾಗೆ ಆರು ತಿಂಗಳು ನಡೆಯುವದು ಕಷ್ಟ. ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು; ರೋಗವಿಲ್ಲದವರಿಗೂ, ವಿಶೇಷವಾಗಿ ಎಳೆಯ ಮಕ್ಕಳಿಗೆ, ಮುನ್ನೆಚ್ಚರಿಕೆಯ ಔಷಧವುಂಟು. ಸರಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಹಣವಿಲ್ಲ. ರೋಗಿಯ ಆಹಾರಕ್ಕೆ ೨೦೨೪ರ ನವೆಂಬರಿನಿಂದ ತಿಂಗಳಿಗೆ ೧,೦೦೦ ರೂಪಾಯಿ ಗೊತ್ತಾಗಿದೆ.

ಈಗ ದಾರಿಯ ಆ ಮೂರು ಪ್ರಶ್ನೆಗಳಿಗೆ ತಿರುಗೋಣ. ಹೆಂಡತಿಗೆ ಈ ರಾತ್ರಿಯೇ ಹೇಳು. ವೈದ್ಯರು ಅಪ್ಪಣೆ ಕೊಡುವ ತನಕ ಕೆಲವು ವಾರ ಮಕ್ಕಳಿಂದ ಬೇರೆ ಮಲಗು. ಆ ಮೇಲೆ ಎತ್ತಿಕೋ. ಮಗಳ ವಿಷಯದಲ್ಲಿ ನೆರೆಹೊರೆಯವರಿಗೇ ಒಂದು ಮಾತು: ಗುಣವಾಗುವ ರೋಗವನ್ನು ಕಳಂಕವೆನ್ನುವವರು ರೋಗಿಯ ಬಾಯಿ ಕಟ್ಟುತ್ತಾರೆ, ಹಾಗೂ ಕ್ಷಯವನ್ನು ತಮ್ಮ ಬೀದಿಯಲ್ಲಿಯೇ ಸಾಕುತ್ತಾರೆ.

ಪ್ರಶ್ನೆಗಳು: (೧) ಗಂಗಾಳವನ್ನು ಬೇರೆ ಇಡುವದು ಯಾಕೆ ವ್ಯರ್ಥ? (೨) ಮದ್ರಾಸಿನ ಪರೀಕ್ಷೆಯಿಂದ ಏನು ತಿಳಿಯಿತು? (೩) ಎರಡನೆಯ ತಿಂಗಳಲ್ಲಿ ಎಚ್ಚರಿಕೆ ಯಾಕೆ ಬೇಕು?