ಹೊಡೆದವನು ಏನು ತೆರಬೇಕು?

ದುಡಿಯುವ ಜಾಗದಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಸಣ್ಣ ವಿಷಯಕ್ಕೆ. ಪಾಳಿ ಬದಲಿಸಬೇಕಾದವನು ಅರ್ಧ ಗಂಟೆ ತಡ. ತೆಗೆದಿಟ್ಟಿದ್ದ ಸ್ಪ್ಯಾನರ್ ಕಾಣೆ. ಮೇಸ್ತ್ರಿಗೆ ಚಾಡಿ ಹೇಳಿದನೆಂಬ ಗುಮಾನಿ. ಮಾತಿಗೆ ಮಾತು ಬೆಳೆದು ಕೈ ಮಿಲಾಯಿಸುತ್ತಾರೆ. ಸಂಜೆ ಮನೆಗೆ ಬಂದವನು, "ಮೆಟ್ಟಿಲಲ್ಲಿ ಜಾರಿ ಬಿದ್ದೆ ಕಣೇ" ಎಂದು ಹೆಂಡತಿಯಿಂದ ಮುಖ ಮರೆಸುತ್ತಾನೆ.

ಪವಿತ್ರ ಗ್ರಂಥಕ್ಕೆ ಇದು ಹೊಸ ವಿಷಯವಲ್ಲ. ಈಜಿಪ್ಟಿನಲ್ಲಿ ಬಿಟ್ಟಿ ಚಾಕರಿಯ ಕಾಲದಲ್ಲಿ ಹಿಬ್ರಿಯರಿಬ್ಬರು ಹೊಡೆದಾಡುವುದನ್ನು ಮೋಶೆ ಕಂಡನು (ವಿಮೋಚನಕಾಂಡ 2:13). ಆ ಜನರನ್ನು ಹಿಂಸಿಸುತ್ತಿದ್ದವರು ಬೇರೆ. ಇವರ ಕೋಪ ತಿರುಗಿದ್ದು ಜೊತೆಗಾರನ ಮೇಲೆ. ಬಿಡಿಸಲು ಹೋದ ಮೋಶೆಯೂ ಹಿಂದಿನ ದಿನವಷ್ಟೇ ಒಬ್ಬನನ್ನು ಕೊಂದಿದ್ದನು. ಅವನ ಬುದ್ಧಿಮಾತಿಗೆ ಬೆಲೆ ಸಿಗಲಿಲ್ಲ.

ಅದೇ ಗ್ರಂಥದ 21ನೇ ಅಧ್ಯಾಯದ 18-19ನೇ ವಚನಗಳನ್ನು ನಾವು ಅಷ್ಟಾಗಿ ಓದುವುದಿಲ್ಲ. ಜಗಳದಲ್ಲಿ ಕಲ್ಲಿನಿಂದಲೋ ಮುಷ್ಟಿಯಿಂದಲೋ ಪೆಟ್ಟು ತಿಂದವನು ಹಾಸಿಗೆ ಹಿಡಿದು, ಮುಂದೆ ಕೋಲೂರಿ ನಡೆದಾಡುವಂತಾದರೆ, ಹೊಡೆದವನಿಗೆ ಶಿಕ್ಷೆಯಿಲ್ಲ. ಆದರೆ ಕೆಲಸ ತಪ್ಪಿದ ದಿನಗಳ ನಷ್ಟವನ್ನು ಅವನು ಕೊಡಬೇಕು, ಪೂರ್ತಿ ವಾಸಿಯಾಗುವವರೆಗೆ ಆರೈಕೆಯ ಹೊಣೆ ಹೊರಬೇಕು. ದಿನಗೂಲಿಯವನ ಮನೆಯಲ್ಲಿ ಒಲೆ ಹೊತ್ತುವುದು ಹೇಗೆಂದು ಆ ಹಳೆಯ ಕಾನೂನಿಗೆ ತಿಳಿದಿತ್ತು!

ಧರ್ಮಸಭೆಯ ಬೋಧನೆಯೂ ಇದೇ. ಪೋಪ್ ಎರಡನೇ ಜಾನ್ ಪಾಲರು 1992ರಲ್ಲಿ ಪ್ರಕಟಿಸಿದ ಧರ್ಮೋಪದೇಶ ಗ್ರಂಥದ 1459ನೇ ಸಂಖ್ಯೆಯ ಪ್ರಕಾರ, ಪಾಪಕ್ಷಮೆ ಪಾಪವನ್ನು ತೊಡೆಯುತ್ತದೆ, ಅದರಿಂದಾದ ಹಾನಿಯನ್ನೆಲ್ಲ ಸರಿಪಡಿಸುವುದಿಲ್ಲ. ಗಾಯಕ್ಕೆ ಪರಿಹಾರ ಕೊಡುವುದನ್ನು ಅದು ಹೆಸರಿಸಿಯೇ ಹೇಳುತ್ತದೆ. ಪಾಪನಿವೇದನೆ ಮುಗಿಸಿ ಹೊರಬಂದವನಿಗೆ ಆಸ್ಪತ್ರೆಯ ಬಿಲ್ಲು ಇನ್ನೂ ಬಾಕಿ.

ನಾಡಿನ ಕಾನೂನಿಗೂ ಇದು ಸಣ್ಣ ವಿಷಯವಲ್ಲ. ಮೂಳೆ ಅಥವಾ ಹಲ್ಲು ಮುರಿದರೆ ಅದು ತೀವ್ರ ಗಾಯ. 1860ರ ದಂಡ ಸಂಹಿತೆಯಲ್ಲಿ ಹೀಗಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹೀಗೆಯೇ ಇದೆ; ಬೇಕೆಂದೇ ಮಾಡಿದ್ದರೆ 7 ವರ್ಷಗಳವರೆಗೆ ಸೆರೆವಾಸ. ರಾಜಿ ಮಾಡಿಸಲು ಹೋಗುವ ಹಿರಿಯರು ಇದನ್ನು ತಿಳಿದಿರುವುದು ಒಳ್ಳೆಯದು.

ಇನ್ನು ಮನೆಯವರಿಗೆ ಒಂದು ಮಾತು. ಜಾರಿಬಿದ್ದ ಕಥೆಯನ್ನು ಡಾಕ್ಟರ ಮುಂದೆ ಹೇಳಬೇಡಿ. ಚೀಟಿಯಲ್ಲಿ ಬರೆದದ್ದೇ ನಾಳೆ ಪರಿಹಾರಕ್ಕೆ ಅಡ್ಡ ಬಂದೀತು. ತಲೆಗೆ ಪೆಟ್ಟು ಬಿದ್ದವನಿಗೆ ವಾಂತಿ, ಮಂಪರು, ಹೆಚ್ಚುವ ತಲೆನೋವು ಕಂಡರೆ ಬೆಳಗಾಗಲೆಂದು ಕಾಯಬಾರದು. ಹೊಡೆದವನ ಗೆಣ್ಣು ಎದುರಾಳಿಯ ಹಲ್ಲು ತಾಗಿ ಸೀಳಿದ್ದರೆ ಅದೂ ಬೇಗ ಕೀವಾಗುತ್ತದೆ. ಅವನೂ ಅದೇ ಆಸ್ಪತ್ರೆಗೆ ಹೋಗಬೇಕಾದವನೇ.