ಲಾಭವೂ ಬೇಕು, ಲೋಕಹಿತವೂ ಬೇಕು: ಒಮಾನ್ ಕಲಿಸುವ ಒಂಬತ್ತು ಸೂತ್ರಗಳು

ಒಮಾನ್‌ನ ಜನಸಂಖ್ಯೆ ಸುಮಾರು 50 ಲಕ್ಷ. ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಆ ಜನವೂ ಉತ್ತರದ ಮುಸಂದಮ್‌ನಿಂದ ದಕ್ಷಿಣದ ಧೋಫಾರ್‌ವರೆಗೆ, ಕರ್ನಾಟಕದ ಒಂದೂವರೆ ಪಟ್ಟಿಗಿಂತ ದೊಡ್ಡ ನೆಲದಲ್ಲಿ ಚದುರಿಹೋಗಿದ್ದಾರೆ. ಮಸ್ಕತ್‌ನಿಂದ ಸಲಾಲಾಗೆ ರಸ್ತೆ ಹಿಡಿದರೆ ಸಾವಿರ ಕಿಲೋಮೀಟರ್. ಇಂಥ ಕಡೆ ‘ಮೊದಲು ಕೋಟಿ ಜನ ಆ್ಯಪ್ ಇಳಿಸಿಕೊಳ್ಳಲಿ, ದುಡ್ಡು ಆಮೇಲೆ ಬರುತ್ತೆ’ ಎನ್ನುವ ಲೆಕ್ಕ ನಡೆಯುವುದಿಲ್ಲ. ಸಮಾಜಕ್ಕೆ ಒಳಿತು ಮಾಡುತ್ತಲೇ ವ್ಯಾಪಾರವಾಗಿ ನಿಲ್ಲಬೇಕೆನ್ನುವವರು ಅಲ್ಲಿ ಮೊದಲ ದಿನದಿಂದಲೇ ಎರಡು ಪ್ರಶ್ನೆಗೆ ಉತ್ತರ ಕೊಡಬೇಕು: ಇದಕ್ಕೆ ಯಾರು ದುಡ್ಡು ಕೊಡುತ್ತಾರೆ? ಕೆಲಸ ಆಗಿದೆ ಎನ್ನುವುದಕ್ಕೆ ಸಾಕ್ಷಿ ಏನು? ಡಿಜಿಟಲ್ ತಂತ್ರಜ್ಞಾನ ಅಲ್ಲಿ ಬೆಲೆ ಪಡೆದಿರುವುದು ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟಾಗ. ಮಸ್ಕತ್‌ನಲ್ಲಿರುವ ಕನ್ನಡಿಗರಿಗೂ, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಕುಳಿತು ಇಂಥದ್ದೇ ಉದ್ಯಮ ಕಟ್ಟುತ್ತಿರುವವರಿಗೂ ಇದರಲ್ಲಿ ಕಲಿಯುವುದು ಬಹಳಷ್ಟಿದೆ.

1. ಆ್ಯಪ್ ಆಮೇಲೆ, ಅಪಾಯ ಮೊದಲು

ಒಮಾನ್‌ನ ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ. ಶಾಲಾ ಬಸ್ಸಿನ ಹಿಂದಿನ ಸೀಟಿನಲ್ಲಿ ಪುಟ್ಟ ಮಗುವೊಂದು ನಿದ್ದೆಹೋಗಿ, ಚಾಲಕ ಗಮನಿಸದೆ ಬಾಗಿಲು ಹಾಕಿಕೊಂಡು ಹೋದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕೊಲ್ಲಿ ದೇಶಗಳಲ್ಲಿ ಇಂಥ ಸಾವುಗಳು ಆಗಿವೆ. ಒಮಾನ್‌ನ ‘ಇ-ಮುಶ್ರಿಫ್’ ಕಂಪನಿ ಹುಟ್ಟಿದ್ದು ಈ ಒಂದು ಅಪಾಯವನ್ನು ತಪ್ಪಿಸಲು. ಮಕ್ಕಳ ಬಳಿ ಗುರುತಿನ ಟ್ಯಾಗ್ ಇರುತ್ತದೆ. ಹತ್ತಿದ್ದು, ಇಳಿದದ್ದು ದಾಖಲಾಗುತ್ತದೆ. ಓಟ ಮುಗಿದ ಮೇಲೂ ಒಳಗೆ ಯಾರಾದರೂ ಉಳಿದಿದ್ದರೆ ಎಚ್ಚರಿಕೆ ಹೋಗುತ್ತದೆ. ಬಸ್ ಎಲ್ಲಿದೆಯೆಂದು ಶಾಲೆಗೂ ಮನೆಯವರಿಗೂ ಗೊತ್ತಾಗುತ್ತದೆ.

ಬಳಸಿದ ತಂತ್ರಜ್ಞಾನದಲ್ಲಿ ಹೊಸದೇನೂ ಇಲ್ಲ. ಗೋದಾಮುಗಳಲ್ಲಿ ಪೆಟ್ಟಿಗೆ ಎಣಿಸಲು ವರ್ಷಗಳಿಂದ ಬಳಸುತ್ತಿದ್ದುದೇ ಅದು. ಹೊಸದಾಗಿದ್ದುದು ಅವರು ಹಿಡಿದ ಸಮಸ್ಯೆಯ ಖಚಿತತೆ. ನಿಮ್ಮ ಉದ್ಯಮದ ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಆ ವಾಕ್ಯದಲ್ಲಿ ಒಬ್ಬ ಮನುಷ್ಯನೂ ಅವನಿಗಿರುವ ಒಂದು ತೊಂದರೆಯೂ ಕಾಣಬೇಕು. ‘ಶಿಕ್ಷಣ ಕ್ಷೇತ್ರದ ಸಬಲೀಕರಣ’ ಎಂದು ಬರೆದರೆ ಯಾರ ಮುಖವೂ ಕಾಣುವುದಿಲ್ಲ.

2. ಬಳಸುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು: ಇಬ್ಬರನ್ನೂ ಹುಡುಕಿ

ಬಹಳ ಮಂದಿ ಎಡವುವುದು ಇಲ್ಲಿ. ಸೇವೆ ಬೇಕಾದವರ ಕೈಯಲ್ಲಿ ದುಡ್ಡಿಲ್ಲ, ದುಡ್ಡಿರುವವರಿಗೆ ಸೇವೆಯ ತುರ್ತು ಕಾಣುತ್ತಿಲ್ಲ. ಬಸ್ಸಿನಲ್ಲಿ ಕೂರುವ ಮಗು ಗ್ರಾಹಕನಲ್ಲ. ಶಾಲೆ, ಸಾರಿಗೆ ಗುತ್ತಿಗೆದಾರ, ಇಲಾಖೆ ಇವರೇ ಗ್ರಾಹಕರು. ಅವರಿಗೆ ಬೇಕಿರುವುದೂ ಬೇರೆ: ಮಾರ್ಗದ ಲೆಕ್ಕ, ಡೀಸೆಲ್ ಉಳಿತಾಯ, ಪೋಷಕರು ಕೇಳಿದಾಗ ಕೊಡಲು ಉತ್ತರ. ಒಂದೇ ಉಪಕರಣ ಮಗುವಿಗೆ ರಕ್ಷಣೆ ಕೊಡಬೇಕು, ಬಿಲ್ ಕಟ್ಟುವವರಿಗೆ ಲೆಕ್ಕ ಕೊಡಬೇಕು. ಎರಡನ್ನೂ ಕೊಡುವ ಉದ್ಯಮ ಬದುಕುತ್ತದೆ.

ಒಮಾನ್‌ನಲ್ಲಿ ಇಂಥ ಪಾವತಿದಾರರ ಪಟ್ಟಿ ಚಿಕ್ಕದು, ಆದರೆ ಗಟ್ಟಿ. ಪೆಟ್ರೋಲಿಯಂ ಡೆವಲಪ್‌ಮೆಂಟ್ ಒಮಾನ್, ಒಮಾನ್ ಎಲ್‌ಎನ್‌ಜಿಯಂಥ ಕಂಪನಿಗಳು ಸಾಮಾಜಿಕ ಹೂಡಿಕೆಗೆಂದೇ ಹಣ ತೆಗೆದಿಡುತ್ತವೆ. ತೈಲ ಗುತ್ತಿಗೆಗಳಲ್ಲಿ ಖರ್ಚಿನ ಒಂದು ಪಾಲು ದೇಶದೊಳಗೇ ಉಳಿಯಬೇಕು, ಸ್ಥಳೀಯ ಸಣ್ಣ ಉದ್ಯಮಗಳಿಗೆ ಕೆಲಸ ಸಿಗಬೇಕು ಎಂಬ ನೀತಿಯೂ ಇದೆ. ಆ ಕಂಪನಿಗಳ ಬಾಗಿಲು ತಟ್ಟುವಾಗ ಸಹಾಯ ಕೇಳುವವರಂತೆ ಹೋಗಬೇಡಿ, ಸೇವೆ ಮಾರುವವರಂತೆ ಹೋಗಿ. ಒಂದು ವರ್ಷದ ದೇಣಿಗೆ ಮುಂದಿನ ವರ್ಷ ನಿಲ್ಲಬಹುದು. ಮೂರು ವರ್ಷದ ಸೇವಾ ಒಪ್ಪಂದವಾದರೆ ಬ್ಯಾಂಕಿನವರೂ ನಿಮ್ಮನ್ನು ಕೂರಿಸಿ ಮಾತಾಡಿಸುತ್ತಾರೆ.

ಈ ಪಾಠವನ್ನು ನಮ್ಮವರೇ ಮೊದಲು ಬರೆದರೆಂದು ಹೆಮ್ಮೆಯಿಂದ ಹೇಳಬಹುದು. ಹರೀಶ್ ಹಂದೆ 1995ರಲ್ಲಿ ಸೆಲ್ಕೊ ಕಂಪನಿ ಆರಂಭಿಸಿದಾಗ, ಬಡವರು ಸೌರದೀಪ ಕೊಳ್ಳಲಾರರು ಎಂಬ ಮಾತೇ ಎಲ್ಲೆಡೆ ಇತ್ತು. ಅವರು ಬ್ಯಾಂಕುಗಳನ್ನು ನಡುವೆ ತಂದರು. ಸಾಲದ ಕಂತನ್ನು ಕೊಳ್ಳುವವರ ದುಡಿಮೆಯ ಲಯಕ್ಕೆ ಹೊಂದಿಸಿದರು. ದೀಪದ ಬೆಲೆ ಇಳಿಯುವವರೆಗೆ ಕಾಯಲಿಲ್ಲ, ದುಡ್ಡು ಬರುವ ದಾರಿಯನ್ನೇ ಬದಲಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

3. ಸಾಕ್ಷಿಯೇ ನಿಮ್ಮ ಸರಕು

ಒಮಾನ್‌ನ ‘44.01’ ಎಂಬ ಕಂಪನಿಯ ಹೆಸರು ಇಂಗಾಲದ ಡೈಆಕ್ಸೈಡ್‌ನ ಅಣುತೂಕ. ತಲಾಲ್ ಹಸನ್ 2020ರಲ್ಲಿ ಇದನ್ನು ಸ್ಥಾಪಿಸಿದರು. ಹಜರ್ ಪರ್ವತಗಳಲ್ಲಿ ಪೆರಿಡೊಟೈಟ್ ಎಂಬ ಬಂಡೆ ಹೇರಳವಾಗಿದೆ. ಭೂಮಿಯ ಆಳದಲ್ಲಿರಬೇಕಾದ ಈ ಬಂಡೆ ಒಮಾನ್‌ನಲ್ಲಿ ಮೇಲೆಯೇ ಸಿಗುತ್ತದೆ. ಇಂಗಾಲದ ಡೈಆಕ್ಸೈಡ್ ಕರಗಿದ ನೀರು ಅದಕ್ಕೆ ತಾಗಿದರೆ ಅನಿಲ ಗಟ್ಟಿ ಖನಿಜವಾಗಿ ಮಾರ್ಪಡುತ್ತದೆ. ನಿಸರ್ಗ ನಿಧಾನವಾಗಿ ಮಾಡುವ ಈ ಕೆಲಸಕ್ಕೆ ವೇಗ ಕೊಡುವುದೇ ಅವರ ಉದ್ಯಮ. ಬ್ರಿಟನ್ನಿನ ರಾಜಕುಮಾರ ವಿಲಿಯಂ ಸ್ಥಾಪಿಸಿದ ಅರ್ಥ್‌ಶಾಟ್ ಪ್ರಶಸ್ತಿ, ಅದರೊಂದಿಗೆ 10 ಲಕ್ಷ ಪೌಂಡ್ 2022ರಲ್ಲಿ ಇವರಿಗೆ ಸಿಕ್ಕಿತು.

ಯೋಚಿಸಿ ನೋಡಿ: ಇವರು ಮಾರುವ ವಸ್ತು ಕೊಳ್ಳುವವರ ಕಣ್ಣಿಗೆ ಕಾಣುವುದೇ ಇಲ್ಲ. ನೆಲದಡಿಯಲ್ಲಿ ಅನಿಲ ಕಲ್ಲಾಯಿತೆಂದು ನಂಬಿ ಯಾರಾದರೂ ಏಕೆ ದುಡ್ಡು ಕೊಡಬೇಕು? ಅಳತೆ ಇದ್ದರೆ ಮಾತ್ರ. ಎಷ್ಟು ಒಳಗೆ ಹೋಯಿತು, ನೀರಿನ ರಾಸಾಯನಿಕ ಸ್ಥಿತಿ ಹೇಗೆ ಬದಲಾಯಿತು, ಎಷ್ಟು ಖನಿಜವಾಯಿತು ಎಂಬ ಲೆಕ್ಕವೇ ಅವರ ವ್ಯಾಪಾರದ ಆಧಾರ. ನೆರೆಯ ಫುಜೈರಾದಲ್ಲಿ ಅಬುಧಾಬಿಯ ತೈಲ ಕಂಪನಿ ಅಡ್ನಾಕ್ ಜೊತೆ ನಡೆಸಿದ ಪ್ರಯೋಗದಲ್ಲಿ 10 ಟನ್ ಅನಿಲ 100 ದಿನಗಳೊಳಗೆ ಖನಿಜವಾಯಿತು. ಹತ್ತು ಟನ್ ಸಣ್ಣದು. ಆದರೆ ಅಳೆದು ತೋರಿಸಿದ ಹತ್ತು ಟನ್ ಆದ್ದರಿಂದಲೇ ಮುಂದಿನ ಹಂತಕ್ಕೆ ಹಾದಿ ಆಯಿತು.

ನಿಮ್ಮದು ಹೊಲಿಗೆ ಘಟಕವೇ ಇರಲಿ, ಟ್ಯೂಷನ್ ಆ್ಯಪ್ ಇರಲಿ, ಶುರುವಾಗುವ ಮುಂಚಿನ ಸ್ಥಿತಿಯನ್ನು ದಾಖಲಿಸಿಕೊಳ್ಳಿ. ಹೆಣ್ಣುಮಕ್ಕಳ ತಿಂಗಳ ಸಂಪಾದನೆ ಎಷ್ಟಿತ್ತು? ಮಗು ಎಷ್ಟು ವಾಕ್ಯ ಓದುತ್ತಿತ್ತು? ಮೊದಲಿನ ಲೆಕ್ಕ ಇಲ್ಲದವರು ಆಮೇಲೆ ಏನೇ ಸಾಧಿಸಿದರೂ ತೋರಿಸಲಾಗುವುದಿಲ್ಲ. ಒಂದು ಎಕ್ಸೆಲ್ ಹಾಳೆ ಸಾಕು, ದುಬಾರಿ ಸಾಫ್ಟ್‌ವೇರ್ ಬೇಡ.

4. ದಾನ ಬೇರೆ, ವ್ಯಾಪಾರ ಬೇರೆ: ಗೆರೆ ದಾಟಬೇಡಿ

ಒಮಾನ್‌ನಲ್ಲಿ ಅನುಮತಿಯಿಲ್ಲದೆ ಸಾರ್ವಜನಿಕರಿಂದ ಹಣ ಸಂಗ್ರಹಿಸುವುದು ಅಪರಾಧ. ಒಳ್ಳೆಯ ಉದ್ದೇಶವಿತ್ತು ಎಂಬುದು ಸಮರ್ಥನೆಯಾಗುವುದಿಲ್ಲ. ಊರಿನಲ್ಲಿ ಯಾರದೋ ಆಪರೇಷನ್‌ಗೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಖಾತೆ ಸಂಖ್ಯೆ ಹಾಕಿ ಹಣ ಕೂಡಿಸುವ ನಮ್ಮ ರೂಢಿ ಅಲ್ಲಿ ಅಪಾಯ ತಂದೀತು. ಕನ್ನಡ ಬಂಧುಗಳಲ್ಲಿ ಇದನ್ನು ಒತ್ತಿ ಹೇಳುತ್ತೇನೆ. ದಾನ ಕೊಡಿಸಬೇಕೆಂದರೆ ಪರವಾನಗಿ ಪಡೆದ ಸಂಸ್ಥೆಗಳ ಮೂಲಕ ಕೊಡಿಸಿ. 2002ರಿಂದ ಕೆಲಸ ಮಾಡುತ್ತಿರುವ ದಾರ್ ಅಲ್ ಅತಾದಂಥ ಸಂಸ್ಥೆಗಳಿವೆ, ಸರ್ಕಾರದ ಆನ್‌ಲೈನ್ ದಾನ ವೇದಿಕೆಗಳಿವೆ. ನೀವು ಕಟ್ಟುತ್ತಿರುವುದು ಉದ್ಯಮವಾದರೆ ಬಿಲ್ ಕೊಟ್ಟು ದುಡ್ಡು ತೆಗೆದುಕೊಳ್ಳಿ. ಎರಡನ್ನೂ ಒಂದೇ ಖಾತೆಯಲ್ಲಿ ಬೆರೆಸಬೇಡಿ.

5. ಕೆಲಸ ತೋರಿಸಿ, ಮುಖ ತೋರಿಸಬೇಡಿ

ದಾನದ ಲೋಕದಿಂದ ಉದ್ಯಮಿಗಳು ಕಲಿಯಬೇಕಾದ ಒಂದು ದೊಡ್ಡ ಸಂಗತಿ ಒಮಾನ್‌ನ ‘ಫಕ್ ಕುರ್ಬಾ’ ಅಭಿಯಾನದಲ್ಲಿದೆ. ಸಾಲ ತೀರಿಸಲಾಗದೆ ಜೈಲು ಸೇರಿದವರ ಬಾಕಿ ಕಟ್ಟಿ ಬಿಡಿಸುವ ಈ ಕೆಲಸವನ್ನು ಒಮಾನಿ ವಕೀಲರ ಸಂಘ 2012ರಲ್ಲಿ ಆರಂಭಿಸಿತು. ಸಾವಿರಾರು ಜನ ಮನೆಗೆ ಮರಳಿದ್ದಾರೆ. ಜನ ಮೊಬೈಲ್‌ನಲ್ಲೇ ಹಣ ಕಳಿಸುತ್ತಾರೆ. ಎಷ್ಟು ಪ್ರಕರಣ ಇತ್ಯರ್ಥವಾಯಿತು, ಯಾವ ಪ್ರಾಂತ್ಯದಲ್ಲಿ ಎಷ್ಟು ಎಂಬ ಅಂಕಿಗಳು ಪ್ರಕಟವಾಗುತ್ತವೆ. ಬಿಡುಗಡೆಯಾದವರ ಹೆಸರನ್ನು ಮಾತ್ರ ಬಹಿರಂಗಪಡಿಸುವುದಿಲ್ಲ.

ನೆರವು ಪಡೆದವರ ಕಣ್ಣೀರಿನ ಚಿತ್ರ ಹಾಕಿದರೆ ಲೈಕ್ ಬರುತ್ತದೆ ನಿಜ. ಆದರೆ ಆ ಚಿತ್ರ ಅವರ ಮಗಳ ಮದುವೆಯ ಹೊತ್ತಿಗೂ ಅಂತರ್ಜಾಲದಲ್ಲಿ ಇರುತ್ತದೆ. ನನ್ನ ದೃಷ್ಟಿಯಲ್ಲಿ ಇದು ಬರೀ ಸಭ್ಯತೆಯ ಪ್ರಶ್ನೆಯಲ್ಲ, ಸಾಮಾಜಿಕ ಉದ್ಯಮದ ಮೊದಲ ಕರ್ತವ್ಯ. ಈಗ ಕಾನೂನೂ ಜೊತೆಗಿದೆ: ಒಮಾನ್‌ನ ವೈಯಕ್ತಿಕ ದತ್ತಾಂಶ ರಕ್ಷಣಾ ಕಾನೂನು 2022ರಲ್ಲಿ ಬಂತು, 2023ರ ಫೆಬ್ರವರಿಯಲ್ಲಿ ಜಾರಿಯಾಯಿತು. ಆರೋಗ್ಯದ ಮಾಹಿತಿ, ಮಕ್ಕಳ ಮಾಹಿತಿ ಮುಟ್ಟುವ ಮುನ್ನ ಅದನ್ನು ಓದಿ. ಬೇಡದ ಮಾಹಿತಿಯನ್ನು ಕೇಳಲೇಬೇಡಿ. ಕೇಳದ ಮಾಹಿತಿ ಎಂದೂ ಸೋರುವುದಿಲ್ಲ.

6. ಜನ ಇರುವ ಕಡೆಯೇ ಅಂಗಡಿ ತೆರೆಯಿರಿ

ಒಮಾನ್‌ನ ಮನೆಗಳಲ್ಲಿ ಬುಖೂರ್ ಎಂಬ ಸುಗಂಧಧೂಪ ತಯಾರಿಸುವ, ಹೊಲಿಯುವ, ಅಡುಗೆ ಮಾಡಿ ಮಾರುವ ಹೆಣ್ಣುಮಕ್ಕಳು ಬಹಳ. ಅವರ ಅಂಗಡಿ ಇನ್‌ಸ್ಟಾಗ್ರಾಂ, ಕೌಂಟರ್ ವಾಟ್ಸ್‌ಆ್ಯಪ್. ಅವರಿಗಾಗಿ ಹೊಸ ಮಾರುಕಟ್ಟೆ ಆ್ಯಪ್ ಕಟ್ಟಿ, ಗಿರಾಕಿಗಳನ್ನು ಅಲ್ಲಿಗೆ ಎಳೆಯಲು ಹೋದರೆ ಬಂಡವಾಳವೆಲ್ಲ ಜಾಹೀರಾತಿಗೇ ಹೋಗುತ್ತದೆ. ಅವರಿಗೆ ಕೊರತೆ ಇರುವುದು ಬೇರೆ ಕಡೆ: ಹಣ ಪಡೆಯುವ ಸುಲಭ ದಾರಿ, ನಂಬಿಕೆ, ಸಾಗಣೆ.

ಹಣದ ದಾರಿ ಈಗ ಸಲೀಸಾಗಿದೆ. ಮಜೀದ್ ಅಲ್ ಅಮ್ರಿ 2016ರಲ್ಲಿ ಕಟ್ಟಿದ ಥವಾನಿ ಎಂಬ ಪಾವತಿ ಕಂಪನಿ ಸಣ್ಣ ವ್ಯಾಪಾರಿಗಳನ್ನೂ ಡಿಜಿಟಲ್ ಪಾವತಿಯ ಒಳಗೆ ತಂದಿತು. 2022ರ ಜನವರಿ 1ರಿಂದ ದಿನಸಿ, ಹೋಟೆಲ್, ಚಿನ್ನದಂಥ ಹಲವು ವ್ಯಾಪಾರಗಳಲ್ಲಿ ಎಲೆಕ್ಟ್ರಾನಿಕ್ ಪಾವತಿಗೆ ಅವಕಾಶ ಕೊಡುವುದು ಕಡ್ಡಾಯವಾಯಿತು. ನಂಬಿಕೆಗೆ ‘ಮಾರೂಫ್ ಒಮಾನ್’ ಎಂಬ ನೋಂದಣಿ ವೇದಿಕೆ ಇದೆ. ಆನ್‌ಲೈನ್ ಅಂಗಡಿ ಅಸಲಿಯೋ ನಕಲಿಯೋ ಎಂದು ಗಿರಾಕಿ ಅಲ್ಲಿ ನೋಡಬಹುದು. ಉಳಿದಿರುವುದು ಸಾಗಣೆ. ಒಳನಾಡಿನ ಹಳ್ಳಿಯಿಂದ ಮಸ್ಕತ್‌ಗೆ ಒಂದು ಪೊಟ್ಟಣ ಕಡಿಮೆ ಖರ್ಚಿನಲ್ಲಿ ತಲುಪಿಸುವ ಉಪಾಯ ಯಾರಿಗೆ ಹೊಳೆಯುತ್ತದೋ ಅವರಿಗೆ ಕೆಲಸವೂ ಇದೆ, ಪುಣ್ಯವೂ ಇದೆ.

7. ಸಮಾಜದ ಸಂಕೋಚವನ್ನು ಗೌರವಿಸಿ, ಅದರೊಳಗೇ ದಾರಿ ಮಾಡಿ

ಒಮಾನ್‌ನ ಸ್ವಂತ ಟ್ಯಾಕ್ಸಿ ಆ್ಯಪ್ ‘ಒಟ್ಯಾಕ್ಸಿ’ 2022ರಲ್ಲಿ ಮಸ್ಕತ್‌ನಲ್ಲಿ ಮಹಿಳೆಯರಿಗೆಂದೇ, ಮಹಿಳೆಯರೇ ಓಡಿಸುವ ಸೇವೆ ಶುರುಮಾಡಿತು. ಅಪರಿಚಿತ ಗಂಡಸಿನ ಗಾಡಿಯಲ್ಲಿ ಒಬ್ಬಳೇ ಹೋಗಲು ಹಿಂಜರಿಯುವವಳಿಗೆ ಓಡಾಟ ಸಿಕ್ಕಿತು, ಗಾಡಿ ಓಡಿಸಬಲ್ಲ ಇನ್ನೊಬ್ಬಳಿಗೆ ಸಂಪಾದನೆ ಸಿಕ್ಕಿತು. ಮನೆಯವರೂ ಒಪ್ಪಿದರೆ ಸೇವೆ ಬೇಗ ಬೆಳೆಯುತ್ತದೆ. ಅದಕ್ಕೇ ವಿನ್ಯಾಸ ಮಾಡುವಾಗ ಬಳಸುವವಳ ಜೊತೆ ಅವಳ ಅತ್ತೆಯನ್ನೂ ಮಾತಾಡಿಸಿ.

8. ಅರಬ್ಬಿ ಮೊದಲು, ಆದರೆ ಅರಬ್ಬಿಯೊಂದೇ ಅಲ್ಲ

ಸರ್ಕಾರದ ವ್ಯವಹಾರ ಅರಬ್ಬಿಯಲ್ಲಿ. ಕಟ್ಟಡ ಕೆಲಸಗಾರರ ಶಿಬಿರದಲ್ಲಿ ಬಂಗಾಳಿ, ಹಿಂದಿ, ಉರ್ದು, ಮಲಯಾಳಂ ಕೇಳುತ್ತದೆ. ಆಸ್ಪತ್ರೆ, ಹೋಟೆಲುಗಳಲ್ಲಿ ಕನ್ನಡವೂ ತುಳುವೂ ಕಿವಿಗೆ ಬೀಳುತ್ತವೆ. ಅಕ್ಷರಕ್ಕಿಂತ ಧ್ವನಿಗೆ ಹೆಚ್ಚು ಜಾಗ ಕೊಡಿ. ಇಂಟರ್ನೆಟ್ ಕರೆಗಳಿಗೆ ಬಹುಕಾಲ ತಡೆಯಿದ್ದ ದೇಶವಿದು. ಕರೆಯ ಬದಲು ಧ್ವನಿಸಂದೇಶವನ್ನು ನೆಚ್ಚಿದ ಸೇವೆ ಗಟ್ಟಿ. ಕೆಲಸಗಾರರಲ್ಲಿ ಪ್ರಿಪೇಯ್ಡ್ ಸಿಮ್ ಬಳಸುವವರೇ ಹೆಚ್ಚು, ತಿಂಗಳ ಕೊನೆಗೆ ಡೇಟಾ ಖಾಲಿ. ನಿಮ್ಮ ಆ್ಯಪ್ ಹಗುರಾಗಿರಲಿ.

9. ಕಾಗದಪತ್ರ ಮುಗಿಸಿ ಕಣಕ್ಕಿಳಿಯಿರಿ

ಕರಾವಳಿಗೂ ಮಸ್ಕತ್‌ಗೂ ವ್ಯಾಪಾರದ ನಂಟು ಹಳೆಯದು. ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು, ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ಸ್ವಂತ ವ್ಯಾಪಾರದ ಕೋಠಿ ಇಟ್ಟಿದ್ದ. ಇವತ್ತಿನ ಕನ್ನಡಿಗನಿಗೆ ಬೇಕಾದ ಮುಖ್ಯ ಬಾಗಿಲು ತೆರೆದದ್ದು 2019ರ ವಿದೇಶಿ ಬಂಡವಾಳ ಹೂಡಿಕೆ ಕಾನೂನು. 2020ರ ಜನವರಿಯಿಂದ ಹಲವು ಕ್ಷೇತ್ರಗಳಲ್ಲಿ ಸ್ಥಳೀಯ ಪಾಲುದಾರರಿಲ್ಲದೆ ಪೂರ್ಣ ಮಾಲೀಕತ್ವ ಸಾಧ್ಯ. ಒಮಾನಿಗಳಿಗೇ ಮೀಸಲಾದ ಚಟುವಟಿಕೆಗಳ ಪಟ್ಟಿಯೊಂದಿದೆ, ಅದನ್ನು ಮೊದಲು ನೋಡಿ. ಮೌಲ್ಯವರ್ಧಿತ ತೆರಿಗೆ 2021ರ ಏಪ್ರಿಲ್‌ನಿಂದ ಶೇ. 5 ಇದೆ.

ಕಾನೂನು ಕೇಳದಿದ್ದರೂ ಒಮಾನಿ ಜೊತೆಗಾರರನ್ನು ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ. ಸಮಾಜದ ಸಮಸ್ಯೆ ಒಳಗಿನವರಿಗೆ ಕಂಡಂತೆ ಹೊರಗಿನವರಿಗೆ ಕಾಣದು. ಅದಲ್ಲದೆ, 2013ರಲ್ಲಿ ರಿಯಾದಾ ಎಂದು ಶುರುವಾಗಿ ಈಗ ಸಣ್ಣ ಮತ್ತು ಮಧ್ಯಮ ಉದ್ಯಮಗಳ ಪ್ರಾಧಿಕಾರವಾಗಿರುವ ಸಂಸ್ಥೆಯ ಸವಲತ್ತುಗಳು ಸ್ವಂತ ಉದ್ಯಮದಲ್ಲಿ ತಾವೇ ತೊಡಗಿಕೊಂಡ ಒಮಾನಿ ಮಾಲೀಕರಿಗೆಂದು ಇರುವಂಥವು. ತರಬೇತಿ, ಮಾರ್ಗದರ್ಶನಕ್ಕೆ ಜುಬೈರ್ ಸಮೂಹದ ಸಣ್ಣ ಉದ್ಯಮ ಕೇಂದ್ರವಿದೆ, 1995ರಿಂದ ನಡೆಯುತ್ತಿರುವ ಶೆಲ್ ಕಂಪನಿಯ ಇಂತಿಲಾಖಾ ಕಾರ್ಯಕ್ರಮವಿದೆ. ಹೂಡಿಕೆಗೆ 2016ರ ಒಮಾನ್ ಟೆಕ್ನಾಲಜಿ ಫಂಡ್‌ನಿಂದ ಹಿಡಿದು 2024ರ ಫ್ಯೂಚರ್ ಫಂಡ್ ಒಮಾನ್‌ವರೆಗೆ ನಿಧಿಗಳಿವೆ.

ಹೂಡಿಕೆದಾರರ ಮುಂದೆ ಕೂರುವಾಗ ಬಣ್ಣದ ಸ್ಲೈಡುಗಳಿಗಿಂತ ಮೂರು ಹಾಳೆ ಕೈಯಲ್ಲಿರಲಿ: ನಿಮ್ಮ ಸೇವೆ ಬಳಸಿದವರ ಹೆಸರಿಲ್ಲದ ಪಟ್ಟಿ, ಮೊದಲಿನ ಮತ್ತು ಈಗಿನ ಲೆಕ್ಕ, ದುಡ್ಡು ಕೊಟ್ಟ ಒಬ್ಬ ಗಿರಾಕಿಯ ಸಹಿ ಇರುವ ಒಪ್ಪಂದ. ರಂಜಾನ್ ತಿಂಗಳಲ್ಲಿ ಕಚೇರಿ ವೇಳೆ ಕಡಿಮೆ, ಶುಕ್ರವಾರ, ಶನಿವಾರ ರಜೆ. ಭೇಟಿಯನ್ನು ಆ ಲೆಕ್ಕ ಹಿಡಿದೇ ಗೊತ್ತುಮಾಡಿಕೊಳ್ಳಿ.